ಐದು ಬೆರಳಿನ ಕ್ರೇನ್

ನವೆಂಬರ್ 6, ಶುಕ್ರವಾರ. ಬೆಳಿಗ್ಗೆ

ಕಾಫಿ ಹಿಡಿದು ನೆಲಮಾಳಿಗೆಗೆ ಇಳಿದೆ. ಮೇಜಿನ ಮೇಲಿನ ಆಟದ ರೈಲಿನ ಪುಟ್ಟ ಹಳಿಗಳನ್ನೆಲ್ಲ ಸ್ಪಿರಿಟ್ ಬಟ್ಟೆಯಿಂದ ಒರೆಸಿದ್ದಾಯಿತು. ಸಾಮಿಲ್ ಪಕ್ಕದ ಕವಲನ್ನು ಮತ್ತೆ ನೋಡಿದೆ. ಹೋದ ವಾರವೂ ರೈಲು ಅಲ್ಲೇ ಹಳಿ ತಪ್ಪಿತ್ತು. ಅಳತೆಪಟ್ಟಿ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಥಂಡಿಗೆ ಮೇಜಿನ ಮರ ಉಬ್ಬಿರಬೇಕು. ಮತ್ತೇನು?

ಮೇಜಿನ ಮೇಲಿನ ಊರಿನಲ್ಲಿ ನನ್ನ ಕಟಿಂಗ್ ಶಾಪೂ ಇದೆ. ನಿಜವಾದದ್ದು ಮುಚ್ಚಿ ಎರಡು ವರ್ಷ, ಇದು ಮಾತ್ರ ದಿನಾ ತೆರೆದಿರುತ್ತದೆ. ಒಳಗಿನ ಬೆರಳುದ್ದದ ಕ್ಷೌರಿಕನ ತೋಳು ಕಳಚಿತ್ತು. ಅಂಟಿಸಲು ಹೋದೆ — ಅಂಟು ಕಿಟಕಿಗೆಲ್ಲ ಬಳಿದುಹೋಯಿತು. ಈಗಿನ ಅಂಟು ಅಂಟೇ ಅಲ್ಲ, ನೀರು.

ಅದೇ ದಿನ, ಸಂಜೆ

ಶುಕ್ರವಾರದ ರೈಲಾಟಕ್ಕೆ ಗೆಳೆಯ ಮರ್ಲ್ ಎಲ್ಲರಿಗಿಂತ ಮುಂಚೆ ಬಂದ. ವಸಂತದಿಂದ ಹೀಗೇ. ನನ್ನ ಹೆಂಡತಿ ಐರೀನ್ ಮಾಡುವ ಸೇಬಿನ ಪೈ ವಾಸನೆ ಮೂರು ಬೀದಿಯಾಚೆಯಿಂದಲೇ ಅವನ ಮೂಗಿಗೆ ಬಡಿಯುತ್ತದೆ. ನಾನು ಹಳಿಯ ಮೇಲೆ ಕೂರಿಸಿಟ್ಟ ನನ್ನ ಮತ್ತು ಅವನ ವ್ಯಾಗನ್‌ಗಳ ಸುತ್ತ ಸುಮ್ಮನೆ ಸುಳಿದಾಡುತ್ತಿದ್ದ. ನಿಜವಾದ ರೈಲಿನಲ್ಲಿ ಜೀವಮಾನವೆಲ್ಲ ಬ್ರೇಕ್ ಹಿಡಿದರೂ ಚಪಲ ತೀರಿಲ್ಲ. ಆಮೇಲೆ ನಾರ್ಬರ್ಟ್ ಬಂದ, ಔಷಧಿ ಅಂಗಡಿಗೆ ಬೀಗ ಹಾಕಿಕೊಂಡು.

ನಮ್ಮ ನಿಯಮ ಒಂದೇ. ಆಟದ ಗಡಿಯಾರ ಶುರುವಾದ ಮೇಲೆ ಯಾರೂ ಕೈ ಹಾಕುವಂತಿಲ್ಲ. ಹಳಿ ತಪ್ಪಿದರೆ ಮಾಲೀಕನ ‘ಐದು ಬೆರಳಿನ ಕ್ರೇನ್’ ಮಾತ್ರ ಬರಬೇಕು. ಅಂದರೆ ನನ್ನ ಬಲಗೈ. ಇವತ್ತೂ ಕವಲಿನಲ್ಲಿ ಕ್ರೇನ್ ಬೇಕಾಯಿತು.

“ಮೇಜು ಉಬ್ಬಿದೆ ಕಣ್ರೋ,” ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ನಾರ್ಬರ್ಟ್.

ಮರ್ಲ್ ನಗಲಿಲ್ಲ. “ಬಿಡೋ, ನನ್ನ ವ್ಯಾಗನ್‌ದೇ ತಪ್ಪು. ಚಕ್ರ ಸವೆದಿರ್ಬೇಕು.”

ಅವನೇ ಒಪ್ಪಿಕೊಂಡ ಮೇಲೆ ಮುಗಿಯಿತಲ್ಲ.

ನವೆಂಬರ್ 13, ಶುಕ್ರವಾರ

ಕಾರು ಸ್ಟಾರ್ಟ್ ಆಗಲಿಲ್ಲವೆಂದು ಮರ್ಲ್ ತಡವಾಗಿ ಬಂದ. ಆಟ ಶುರುವಾಗಿದ್ದೇ ತಡ, ಕವಲಿನಲ್ಲಿ ವ್ಯಾಗನ್‌ಗಳು ಒಂದರ ಹಿಂದೊಂದು ಬಿದ್ದವು. ಪುಟ್ಟ ಸೇತುವೆ ಮೇಲಿಂದ ಅವನ ಕಲ್ಲಿದ್ದಲ ವ್ಯಾಗನ್ ನೆಲಕ್ಕೇ ಉರುಳಿತು. ನನಗೆ ತಲೆ ಕೆಟ್ಟಿತು.

“ನಿನ್ನ ಡಬ್ಬಾಗಳನ್ನ ತಗೊಂಡು ಹೋಗೋ! ರೈಲಲ್ಲಿದ್ದೆ ರೈಲಲ್ಲಿದ್ದೆ ಅಂತ ಕೊಚ್ಕೋತೀಯ, ಒಂದು ಚಕ್ರ ಸರಿ ಮಾಡಕ್ಕೆ ಬರಲ್ವಾ?”

ನಾರ್ಬರ್ಟ್ ಚಾವಣಿ ನೋಡಿದ. ಮರ್ಲ್ ತನ್ನ ಪೆಟ್ಟಿಗೆ ಎಳೆದುಕೊಂಡ. “ಆಯ್ತು ಎಮಿಲ್,” ಎಂದು ವ್ಯಾಗನ್‌ಗಳನ್ನು ಪೆಟ್ಟಿಗೆಗೆ ತುಂಬಿ, ಕಂಕುಳಲ್ಲಿ ಇಟ್ಟುಕೊಂಡು ಹತ್ತಿ ಹೋದ. ಪೈ ಕೂಡ ಮುಟ್ಟಲಿಲ್ಲ. ಈ ಮೇಜಿನ ಮೊದಲ ಹಲಗೆಗೆ ನನ್ನ ಜೊತೆ ಮೊಳೆ ಹೊಡೆದವನು ಅವನೇ.

ಆದರೂ ನಾನು ಹೇಳಿದ್ದು ಸರಿ. ಸರಿಯೇ.

ನವೆಂಬರ್ 20, ಶುಕ್ರವಾರ

ನಾರ್ಬರ್ಟ್ ಒಬ್ಬನೇ. ಮರ್ಲ್‌ನ ಒಂದು ವ್ಯಾಗನ್ನೂ ಹಳಿಯ ಮೇಲಿಲ್ಲ. ಆದರೂ ಹಿಂದೆಂದೂ ರೈಲು ಇಷ್ಟು ಸಲ ಹಳಿ ತಪ್ಪಿರಲಿಲ್ಲ.

“ಕ್ರೇನ್‌ಗೆ ಇವತ್ತು ಓವರ್‌ಟೈಮ್ ಕಣಯ್ಯ,” ಎಂದ. ನಾನು ಎತ್ತಿಡುವುದನ್ನು ನೋಡುತ್ತಾ ನೋಡುತ್ತಾ ಕೋಟು ಕೈಗೆತ್ತಿಕೊಂಡ. ಹೊಟ್ಟೆ ಸರಿಯಿಲ್ಲವೆಂದು ಬೇಗ ಹೊರಟ. ಔಷಧಿ ಮಾರುವವನಿಗೆ ಹೊಟ್ಟೆನೋವು!

ನವೆಂಬರ್ 27

ಯಾರೂ ಬರಲಿಲ್ಲ. ನಿನ್ನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ ಉಳಿದಿತ್ತು, ತಣ್ಣಗೆ ತಿಂದೆ. ಕೆಳಗೆ ಇಳಿಯಲಿಲ್ಲ.

ಡಿಸೆಂಬರ್ 1, ಮಂಗಳವಾರ

ಮದುವೆಯ ಪಿಂಗಾಣಿ ಕಪ್-ಸಾಸರ್ ಎಲ್ಲಿ? ನನಗೆ ಕಾಫಿ ಬರುವುದು ದಪ್ಪ ಮಗ್‌ನಲ್ಲಿ, ಅದೂ ಅರ್ಧ. ಯಾವಾಗಿನಿಂದ ಎಂದು ಕೇಳಿದೆ.

“ಬೇಸಿಗೆಯಿಂದ,” ಎಂದಳು ಐರೀನ್. “ಆ ಸಾಸರ್ ಗಲಗಲ ಕೇಳಕ್ಕಾಗ್ತಿರ್ಲಿಲ್ಲ ನಂಗೆ.”

ಮೊಣಕಾಲು ನೋವು, ಕೂತಲ್ಲಿ ಸರಿಯಾಗಿ ಕೂರಲಾಗುವುದಿಲ್ಲ... ಎಂದೇನೋ ಶುರು ಮಾಡಿದೆ.

“ಮೊಣಕಾಲಿಗೆ ಅಂಗಡಿ ಮುಚ್ಚಿದ್ರು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದು ನಾನು ಕಣ್ರೀ. ಕಟಿಂಗ್ ಮಾಡ್ತಾ ನಿಮ್ಮ ಕತ್ತರಿ ಆ ಹುಡುಗನ ಕಿವಿ ಕುಯ್ದ ದಿನದಿಂದ. ಈಗ ನನ್ನ ಹತ್ರಾನೂ ಮೊಣಕಾಲು ಅಂತೀರಲ್ಲ!”

ಬಾಗಿಲು ದಢಾರನೆ ಹಾಕಿಕೊಂಡು ನೆಲಮಾಳಿಗೆಗೆ ಬಂದೆ. ಸಿಟ್ಟು. ಇಲ್ಲ — ಸಿಟ್ಟಲ್ಲ. ಹೆದರಿಕೆ. ಬಹಳ ಹೆದರಿಕೆ.

ಡಿಸೆಂಬರ್ 4, ಶುಕ್ರವಾರ. ರಾತ್ರಿ

ಒಂದೇ ಒಂದು ವ್ಯಾಗನ್ ಹಳಿಯ ಮೇಲೆ ಇಟ್ಟೆ. ಬಗ್ಗಿ, ಕನ್ನಡಕ ಹಾಕಿಕೊಂಡು ನೋಡಿದೆ. ಮುಂದಿನ ಚಕ್ರ ಹಳಿಯ ಹೊರಗೆ. ಇನ್ನೊಂದು ಇಟ್ಟೆ, ಅದೂ ಅಷ್ಟೇ. ನೇರ ದಾರಿಯಲ್ಲಿ ಹೇಗೋ ಉರುಳುತ್ತದೆ, ಕವಲಿಗೆ ಬಂದಾಗ ಮಗುಚುತ್ತದೆ.

ಮೊಣಕೈಯನ್ನು ಮೇಜಿಗೆ ಒತ್ತಿ, ಎಡಗೈಯಿಂದ ಬಲಗೈ ಹಿಡಿದು, ಒಂದೊಂದೇ ಸರಿಯಾಗಿ ಕೂರಿಸಿದೆ. ಬೆವರಿಳಿಯಿತು. ಆಮೇಲೆ ಓಡಿಸಿದೆ. ಕತ್ತಲಾಗುವವರೆಗೆ ಓಡಿತು. ಕವಲಿನಲ್ಲಿ ಒಮ್ಮೆಯೂ ಬೀಳಲಿಲ್ಲ. ಕವಲು ಸರಿಯಿದೆ. ಮೇಜು ಸರಿಯಿದೆ. ನೆಲ ಡೊಂಕಿಲ್ಲ.

ಸೇತುವೆಯಿಂದ ಬಿದ್ದ ಮರ್ಲ್‌ನ ವ್ಯಾಗನ್ ಮೇಜಿನ ಕೆಳಗೇ ಉಳಿದಿತ್ತು. ತಿರುಗಿಸಿ ನೋಡಿದೆ. ಚಕ್ರ ಹೊಸದು, ಫಳಫಳ ಹೊಳೆಯುತ್ತದೆ. ಸವೆದಿದೆ ಎಂದನಲ್ಲ!

ಅವನು ಮುಂಚೆ ಬರುತ್ತಿದ್ದುದು ಪೈಗಲ್ಲ. ನಾನು ತಪ್ಪಾಗಿ ಇಟ್ಟಿದ್ದನ್ನು, ನಾನು ಅತ್ತ ತಿರುಗಿದಾಗ, ಸರಿ ಮಾಡಿಡಲು. ಕಣ್ಣು ತಪ್ಪಿ ಉಳಿದದ್ದನ್ನು ತನ್ನ ತಲೆಗೆ ಹಾಕಿಕೊಂಡ. ನಾನು ಅವನನ್ನು ಡಬ್ಬಾ ಸಮೇತ ಹೊರಗಟ್ಟಿದೆ. ನಾಚಿಕೆಯಿಂದ ಸಾಯುವ ಹಾಗಾಗಿದೆ.

ಡಿಸೆಂಬರ್ 8

ಫೋನ್ ಎತ್ತಿದೆ, ಇಟ್ಟೆ. ಎತ್ತಿದೆ, ಇಟ್ಟೆ. ಕೊನೆಗೆ ಐರೀನೇ ಮರ್ಲ್‌ನ ನಂಬರ್ ಒತ್ತಿ ಕೈಗೆ ಕೊಟ್ಟಳು.

“ಶುಕ್ರವಾರ ಪೈ ಇದೆ,” ಎಂದೆ.

“ಎಷ್ಟೊತ್ತಿಗೆ ಬರ್ಲಿ?”

“ನೀನು ಬರೋ ಹೊತ್ತಿಗೇ. ಎಲ್ಲರಿಗಿಂತ ಮುಂಚೆ.”

“ಸರಿ ಕಣೋ.”

ಸೋಮವಾರ ಡಾಕ್ಟರ ಹತ್ತಿರ ಹೋಗಬೇಕಂತೆ. ಐರೀನ್ ನನ್ನನ್ನು ಕೇಳದೆಯೇ ಗೊತ್ತು ಮಾಡಿದ್ದಾಳೆ. ಬೇಡ ಎನ್ನಲಿಲ್ಲ.

ಡಿಸೆಂಬರ್ 11, ಶುಕ್ರವಾರ

ನನ್ನ ವ್ಯಾಗನ್ ಪೆಟ್ಟಿಗೆಯನ್ನು ಮರ್ಲ್ ಮುಂದೆ ತೆರೆದಿಟ್ಟು ಕಾಫಿಗೆಂದು ಮೇಲೆ ಹೋದೆ. ಇಳಿದು ಬಂದಾಗ ಎಲ್ಲವೂ ಹಳಿಯ ಮೇಲೆ ಸಾಲಾಗಿ ನಿಂತಿದ್ದವು.

ಚೆನ್ನಾಗಿ ಓಡಿತು. ಕೊನೆಗೆ ನಾರ್ಬರ್ಟ್ ತಿರುವಿನಲ್ಲಿ ಬೇಕಾಬಿಟ್ಟಿ ವೇಗ ಕೊಟ್ಟು ಬೀಳಿಸಿದ. ಈ ಸಲ ನಿಜವಾಗಿ ಅವನದೇ ತಪ್ಪು.

“ಕರೀರಿ ಕ್ರೇ...” ಎಂದವನು ನಾಲಿಗೆ ಕಚ್ಚಿಕೊಂಡ. ಇಬ್ಬರೂ ಗೋಡೆ ನೋಡಿದರು.

ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

“ಮರ್ಲ್, ನೀನು ಎತ್ತಿಡು. ಕ್ರೇನ್ ಇನ್ಮೇಲೆ ನಿಂದು.”

“ಮಾಲೀಕ ನೀನಿರೋವಾಗ ನಾನ್ಯಾಕೋ...”

“ಎತ್ತೋ ಅಂದ್ರೆ. ಗಡಿಯಾರ ಓಡ್ತಿದೆ.”

ಎತ್ತಿಟ್ಟ. ಒಂದೇ ಸಲಕ್ಕೆ ಕೂತಿತು — ಎಷ್ಟೋ ದಿನದ ಅಭ್ಯಾಸ ಅದು. ನಾರ್ಬರ್ಟ್ ಬಾಯಲ್ಲೇ ಸೀಟಿ ಊದಿದ. ರೈಲು ಹೊರಟಿತು, ಕವಲು ದಾಟಿತು, ನನ್ನ ಅಂಗಡಿಯ ಮುಂದೆ ಹಾದುಹೋಯಿತು. ಎಲ್ಲರೂ ಕೂಗಿದರು. ನಾನೂ ಕೂಗಿದೆ. ಜೇಬಿನೊಳಗೆ ಕೈ ಇನ್ನೂ ನಡುಗುತ್ತಿತ್ತು.