ಮುಗಿಯದ ಜೂನ್

...ಅಲ್ಲ, ಹಿಂಗಲ್ಲ, ಮತ್ತೆ ಮೊದಲಿಂದ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ. ಆಗಲೇ ಎರಡು ಸಲ ಮಾತಾಡಿ ಅಳಿಸಿಬಿಟ್ಟೆ. ಬಾಯಿ ತೆಗೆದ್ರೆ ಬರೀ ಬೈಗುಳಾನೇ ಬರ್ತಾವೆ. ಹಿರೀಕರಿಗೆ ಕಳಿಸೋ ಓಲೇಲಿ ಬೈಗುಳ ಇರಬಾರದು ಅಂತ ನಮ್ಮವ್ವ ಹೇಳೋಳು.

ಇವತ್ತು ಜೂನ್ ನೂರಾ ಆರನೇ ತಾರೀಕು. ಇಸವಿ ಎರಡು ಸಾವಿರದ ನೂರಾ ಎಂಬತ್ತೊಂಬತ್ತು. ಜೂನಿಗೆ ಮೂವತ್ತೇ ದಿನ ಅಂತ ನಿಮಗೆ ಗೊತ್ತು. ನಮಗೂ ಗೊತ್ತಿತ್ತು. ಅದನ್ನೇ ಹೇಳೋಕೆ ಕೂತಿರೋದು.

ನನ್ನ ಹೆಸರು ಓಬಣ್ಣ, ವಯಸ್ಸು ಐವತ್ತು. ನಾನಾಡೋ ಕೆಲವು ಪದ ನಿಮಗೆ ತಿಳೀದೇ ಇರಬಹುದು, ಮನ್ನಿಸಿ. ಇದಕ್ಕೆ ನಾವು ಹಿಂದೋಲೆ ಅಂತೀವಿ. ಮಾತಾಡಿ ಅಂಚೆಯೋರ ಕೈಗೆ ಕೊಟ್ಟರೆ ಹಿಂದಿನ ಕಾಲಕ್ಕೆ ಕಳಿಸ್ತಾರಂತೆ. ತಲುಪ್ತದೋ ಇಲ್ವೋ ದೇವರೇ ಬಲ್ಲ, ಉತ್ತರ ಬರೋ ಹಂಗಿಲ್ವಲ್ಲ. ಆದ್ರೂ ಜನ ಕಳಿಸ್ತಾರೆ. ಎಡೆ ಇಟ್ಟು ಕಾಗೆ ಕರೆಯಲ್ವಾ, ಹಂಗೆ. ನನ್ನ ಓಲೆ ನಮ್ಮ ವಂಶದ ಹಳಬರು ಯಾರಿಗಾದ್ರೂ ಸಿಗಲಿ. ನಿಮ್ಮ ಕಾಲದಲ್ಲೂ ಸಂಬಳ ಕೊಡದ ಧಣಿಗಳಿದ್ರು ಅಂತ ಕೇಳಿದ್ದೀನಿ. ಅದಕ್ಕೇ ನಿಮಗೇ ಹೇಳ್ತಾ ಇರೋದು.

ಈಗ ಮಧುಗಿರಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೀನಿ. ಒಳಗಡೆ ನನ್ನ ಮಗಳು ದೇವೀರಿ ಹೆರಿಗೆ ನೋವು ತಿಂತಾವ್ಳೆ. ನನ್ನ ಹೆಂಡ್ತಿ ತಿಪ್ಪಕ್ಕ ಅವಳ ಜೊತೇಲವ್ಳೆ. ಗಂಡಸರನ್ನ ಒಳಗೆ ಬಿಡಲ್ಲ. ಅಳಿಯ ಹಡಗಿನ ಕೆಲಸದೋನು, ಬರೋಕೆ ಇನ್ನೂ ಹೊತ್ತಾಗ್ತದೆ.

ನಾವು ಬಲೆಯೋರು. ಈ ಕಡೆ ಬೆಟ್ಟ ಎಲ್ಲಾ ಬೋಳು ಬಂಡೆ, ನಿಮ್ಮ ಕಾಲದಲ್ಲೂ ಹಂಗೇ ಇದ್ವು ಅನ್ನಿಸ್ತದೆ. ಬಂಡೆಯಿಂದ ಬಂಡೆಗೆ ಇಬ್ಬನಿ ಬಲೆ ಕಟ್ಟಿರ್ತಾರೆ. ಮಂಜು ಬಲೆಗೆ ಕೂತ್ಕೊಳ್ತದೆ, ಹೊತ್ತು ಹುಟ್ಟೋಕೆ ಮುಂಚೆ ನಾವು ಉದ್ದನೆ ಕೋಲಲ್ಲಿ ಒದರಬೇಕು. ಜೋರಾಗಿ ಒದರಿದ್ರೆ ನೀರೆಲ್ಲಾ ಬಂಡೆ ಪಾಲು, ಮೆಲ್ಲಗೆ ಒದರಿದ್ರೆ ಬೀಳೋದೇ ಇಲ್ಲ. ಹಸು ಹಾಲು ಕರೆಯೋಕೆ ಮುಂಚೆ ಕೆಚ್ಚಲು ನೇವರಿಸ್ತಾರಲ್ಲ, ಆ ಹದ ಕೈಗೆ ಬರಬೇಕು. ಬಿದ್ದ ನೀರು ಬಲೆ ಕೆಳಗಿನ ತಗಡಿನ ಕಾಲುವೇಲಿ ಹರಿದು ತೊಟ್ಟಿಗೆ ಹೋಗ್ತದೆ. ಬಿಸಿಲುಗಂಟೆ ಶುರುವಾಗೋ ಹೊತ್ತಿಗೆ ಎಲ್ಲಾ ಒಳಗಿರಬೇಕು. ಬಿಸಿಲುಗಂಟೆ ಅಂದ್ರೆ ಮನುಷ್ಯ ಹೊರಗೆ ನಿಲ್ಲಬಾರದು ಅನ್ನೋ ಹೊತ್ತು. ಆಗ ಮುದ್ದೆ ಉಣ್ಣೋದು, ಮಲಗೋದು, ಹರಿದ ಬಲೆ ಹೊಲಿಯೋದು.

ಕಂಪನಿ ಹೆಸರು ಹನಿಸಿರಿ. ಮನೆ ಅವರದ್ದೇ, ಅಂಗಡಿ ಅವರದ್ದೇ, ದವಾಖಾನೆ ಅವರದ್ದೇ. ಕಾಲೋನಿ ನಡುವೆ ಒಂದು ಕಂಬ, ಅದರಲ್ಲಿ ಹೊತ್ತುಗೂಗು. ದಿನಾ ಬೆಳಗ್ಗೆ ಇವತ್ತು ಇಂಥಾ ತಾರೀಕು ಅಂತ ಕೂಗ್ತದೆ. ಅದು ಹೇಳಿದ್ದನ್ನೇ ಅಂಗಡಿ ಯಂತ್ರ ನಂಬ್ತದೆ, ದವಾಖಾನೆ ಯಂತ್ರ ನಂಬ್ತದೆ. ಕೊನೆಗೆ ನಾವೂ ನಂಬಿದ್ವಿ.

ಸಂಬಳ ತಿಂಗಳು ಮುಗಿದ ಮಾರನೇ ದಿನ. ಜೂನ್ ಮೂವತ್ತು ಆಯ್ತು. ಮಾರನೇ ಬೆಳಗ್ಗೆ ಹೊತ್ತುಗೂಗು ಜೂನ್ ಮೂವತ್ತೊಂದು ಅಂತು. ಯಂತ್ರ ಕೆಟ್ಟೈತೆ ಅಂತ ನಕ್ಕೊಂಡು ಕೋಲು ಹಿಡ್ಕೊಂಡು ಹೋದ್ವಿ. ಇನ್ನೊಂದು ನಾಲ್ಕು ದಿನ ಆಯ್ತು, ನಗೋರು ಕಮ್ಮಿ ಆದ್ರು. ಆಗ ಮ್ಯಾನೇಜರು ದಿವಾಕರ್ ಸಾರು ಕಟ್ಟೆ ಮೇಲೆ ನಿಂತು ಸಮಾಧಾನ ಹೇಳಿದ್ರು. ನಮ್ಮ ಹಿರಿಯರು ಅಧಿಕ ಮಾಸ ಅಂತ ಮಾಡಿರಲಿಲ್ವಾ, ಲೆಕ್ಕ ಸರಿಹೋಗಲಿ ಅಂತ ಒಂದು ತಿಂಗಳು ಜಾಸ್ತಿ ಸೇರಿಸ್ತಿರಲಿಲ್ವಾ, ಇದೂ ಹಂಗೇ, ಕಂಪನಿಯ ಅಧಿಕ ಮಾಸ ಅಂತ.

ನೋಡಿ, ಬೇರೆ ಯಾವ ದೇಶದ ಕೂಲಿಯೋನಾದ್ರೂ ಕಲ್ಲು ತಗೋತಿದ್ದ. ನಾವು ಹೌದಲ್ವಾ ಅಂತ ತಲೆ ಅಲ್ಲಾಡಿಸಿದ್ವಿ. ಅಷ್ಟೇ ಅಲ್ಲ, ಅಧಿಕ ಮಾಸ ಅಂದ ಮೇಲೆ ಶುಭಕಾರ್ಯ ಮಾಡಬಾರದಲ್ಲ, ನಮ್ಮೋರು ಮದುವೆ ಮುಂದಕ್ಕೆ ಹಾಕಿದ್ರು, ಗೃಹಪ್ರವೇಶ ನಿಲ್ಸಿದ್ರು. ಅಧಿಕ ಮಾಸದಲ್ಲಿ ಅಳಿಯನಿಗೆ ಸಿಹಿ ಕೊಡೋ ಪದ್ಧತಿ ಉಂಟಲ್ಲ, ಯಾರೋ ಮಹಾನುಭಾವರು ಮ್ಯಾನೇಜರಿಗೂ ಕೊಡೋಣ ಅಂದ್ರು. ಸಂಬಳ ಇಲ್ಲದ ಜನ ಕಡ ತಂದ ಬೆಲ್ಲದಲ್ಲಿ ಹೋಳಿಗೆ ಮಾಡಿ ದಿವಾಕರ್ ಸಾರ್ ಮನೆಗೆ ತಟ್ಟೆ ಹೊತ್ಕೊಂಡು ಹೋದ್ರು. ಅವರೂ ಬೇಡ ಅನ್ನಲಿಲ್ಲ, ತುಪ್ಪ ಕಮ್ಮಿ ಅಂದ್ರಂತೆ. ತಿಪ್ಪಕ್ಕ ಅದನ್ನ ಕೇಳಿ, "ಆ ಅಳಿಯನಿಗೆ ನಿಮ್ಮ ಬುದ್ಧಿ ಧಾರೆ ಎರೆದು ಕೊಟ್ಟಿದ್ದೀರಲ್ಲ, ಹೋಳಿಗೆ ಬೇರೆ ಯಾಕೆ?" ಅಂದ್ಲು.

ಆಮೇಲೆ ಸನ್ಮಾನ. ಥೂ, ನೆನೆಸ್ಕೊಂಡ್ರೆ ಬಾಯೆಲ್ಲಾ ಕಹಿ ಆಗ್ತದೆ. ತಾಳ್ಮೆಯಿಂದ ಇದ್ದೋರಿಗೆ ಅಂತ ಪೆಂಡಾಲು ಹಾಕಿ ಒಬ್ಬೊಬ್ಬರಿಗೂ ಶಾಲು, ಹಾರ, ಪೇಟ. ಫೋಟೋ ಬೇರೆ. ಪೆಂಡಾಲಿಗೆ ದುಡ್ಡಿತ್ತು, ಪೇಟಕ್ಕೆ ದುಡ್ಡಿತ್ತು, ನಮಗೆ ಮಾತ್ರ ಇರಲಿಲ್ಲ. ನನ್ನ ಪಕ್ಕದ ಬಲೆ ಪಾತಣ್ಣ, ಇಪ್ಪತ್ತು ವರ್ಷದ ಗೆಣೆಕಾರ, ಪೇಟ ಸುತ್ತಿದಾಗ ಕಣ್ಣಲ್ಲಿ ನೀರು ಹಾಕ್ಕೊಂಡ. ಅವಮಾನಕ್ಕಲ್ಲ, ಖುಷಿಗೆ! ಕಂಪನಿ ಮೇಲಿನ ಹೇಸಿಗೆ ಒಂದು ಪಾಲಾದ್ರೆ, ನಮ್ಮ ಮೇಲಿನ ಹೇಸಿಗೆ ಮೂರು ಪಾಲು.

ಆದ್ರೂ ಬಿಡಲಿಲ್ಲ ನೋಡಿ. ತಿಂಗಳ ನಡುವೆ ಬಿಟ್ಟೋರಿಗೆ ಆ ತಿಂಗಳ ಸಂಬಳ ಇಲ್ಲ ಅಂತ ರೂಲ್ಸು. ಇಷ್ಟು ದಿನ ಕಾದಿದ್ದೀವಿ, ಇನ್ನೆರಡು ದಿನ ಅಂತ ಕೂತಿದ್ದೆ. ಎಬ್ಬಿಸಿದ್ದು ದೇವೀರಿ.

ಚೊಚ್ಚಲ ಬಸುರಿ ಅಂತ ಮನೆಗೆ ಕರ್ಕೊಂಡು ಬಂದಿದ್ವಿ. ಹೆರಿಗೆ ಸೆಪ್ಟೆಂಬರಲ್ಲಿ ಅಂತ ದವಾಖಾನೇಲಿ ಮೊದಲೇ ಬರ್ಕೊಂಡಿದ್ರು. ಸೀಮಂತ ಮಾಡೋಣ ಅಂದ್ರೆ, ಇನ್ನೂ ಜೂನು, ಹುಡುಗಿಗೆ ಆರೇ ತಿಂಗಳು, ಅದೂ ಅಧಿಕ ಮಾಸ, ಬೇಡ ಅಂದ್ರು ಕೇರಿಯೋರು. ಹೊಟ್ಟೆ ನೋಡಿದ್ರೆ ಕುರುಡನಿಗೂ ತಿಳೀತಿತ್ತು. ಅವಳು ನಕ್ಕು, "ಒಳಗಿರೋದಕ್ಕೆ ಹೊತ್ತುಗೂಗು ಕೇಳಿಸಲ್ಲ ಬಿಡಪ್ಪ" ಅಂದಿದ್ಲು.

ಇವತ್ತು ಬೆಳಗ್ಗೆ ನೋವು ಬಂತು. ದವಾಖಾನೆಗೆ ಕರ್ಕೊಂಡು ಹೋದ್ವಿ. ಯಂತ್ರ ಇನ್ನೂ ಆರೇ ತಿಂಗಳ ಬಸುರಿ, ಇದು ಸುಳ್ಳು ನೋವು ಅಂತು. ಹೆರಿಗೆ ಕೋಣೆ ಬಾಗಿಲೇ ತೆಗೀಲಿಲ್ಲ. ನರ್ಸಮ್ಮ ಒಳ್ಳೆಯೋಳೇ, ದೇವೀರಿ ಹೊಟ್ಟೆ ಮೇಲೆ ಕೈ ಇಟ್ಟಳು, ಅವಳಿಗೆ ಗೊತ್ತಾಯ್ತು. ಗೊತ್ತಾಗಿದ್ದೂ ಮುಖ ಆ ಕಡೆ ತಿರುಗಿಸಿ, ಮನೆಗೆ ಹೋಗಿ ಜೀರಿಗೆ ಕಷಾಯ ಕುಡೀರಿ ಅಂದ್ಲು. ಅವಳಿಗೂ ಸಂಬಳ ಆಗಿರಲಿಲ್ಲ, ಜುಲೈ ಬರಲಿ ಅಂತ ಅವಳೂ ಕಾಯ್ತಿದ್ಲು.

ಆಗ ಕಿತ್ತೋಯ್ತು ನನ್ನೊಳಗೆ ಏನೋ. ಅವರಿಬ್ಬರನ್ನ ಗೇಟ್ ಹತ್ರ ನಡೀರಿ ಅಂದು, ಸೀದಾ ಆಫೀಸಿಗೆ ಹೋದೆ. ದಿವಾಕರ್ ಸಾರು ಕಾಫಿ ತರಿಸ್ತೀನಿ ಅಂದ್ರು. ಕೆಲಸ ಬಿಡ್ತಾ ಇದ್ದೀನಿ ಅಂದೆ. ನಾವೆಲ್ಲಾ ಒಂದೇ ಮನೆಯೋರು, ಮನೆ ಕಷ್ಟದಲ್ಲಿರುವಾಗ ಬಿಟ್ಟು ಹೋಗ್ತಾರಾ ಅಂತ ಶುರು ಮಾಡಿದ್ರು. ರಾಜೀನಾಮೆ ಏನಿದ್ರೂ ಒಂದನೇ ತಾರೀಕಿಂದ ಲೆಕ್ಕ, ತಿಂಗಳು ಮುಗಿಸ್ಕೊಂಡು ಹೋಗಿ ಅಂದ್ರು.

"ಮುಗಿಯೋ ತಿಂಗಳಾಗಿದ್ರೆ ಮುಗಿಸ್ತಿದ್ದೆ ಸಾರ್," ಅಂದೆ. "ನನ್ನ ಮಗಳು ಹೆರಬೇಕು."

ಕೋಲು ಅವರ ಮೇಜಿನ ಮೇಲೆ ಅಡ್ಡ ಇಟ್ಟೆ. ಬಲೆಯೋನು ಕೋಲು ಅಡ್ಡ ಇಟ್ಟರೆ ಆ ಬೆಟ್ಟದ ಋಣ ಹರೀತು ಅಂತ ಅರ್ಥ. ಅವರು ಅದನ್ನ ಮುಟ್ಟಲಿಲ್ಲ, ಕಾಫಿ ಲೋಟ ಮಾತ್ರ ಈಚೆಗೆ ಎಳ್ಕೊಂಡ್ರು.

ಗೇಟ್ ದಾಟಿದ್ವಿ. ನಿಮಗೆ ಹೆಂಗೆ ಹೇಳಲಿ ಅದನ್ನ. ಹೊರಗಡೆ ತಮಟೆ ಬಡೀತಾ ಇದ್ರು, ಗಣಪತಿ ಬಿಡೋಕೆ ಹೊರಟಿದ್ರು. ಹೊರಗೆ ಸೆಪ್ಟೆಂಬರು! ಗೌರಿ ಹಬ್ಬ ಬಂದು ಹೋಗಿತ್ತು. ಯುಗಾದಿ ಬಿಟ್ಟರೆ ಒಂದು ಹಬ್ಬ ಇಲ್ಲದೆ ಬಂಡೆ ಮೇಲೆ ಕೂತಿದ್ವಲ್ಲ ಅಂತ ತಿಪ್ಪಕ್ಕ ಸೆರಗು ಬಾಯಿಗೆ ಇಟ್ಕೊಂಡ್ಲು. ನೆರಳುಗಾಡಿ ಸಿಕ್ತು. ನೆರಳುಗಾಡಿ ಅಂದ್ರೆ ಚಪ್ಪರ ಹಾಕಿದ ದಾರೀಲಿ ಬಿಸಿಲ ಶಕ್ತೀಲೇ ಓಡೋ ಗಾಡಿ. ಗಾಡಿಯೋನು ಬಸುರೀನ ನೋಡಿ ಗಣಪತಿ ಮುಂದೆ ನುಗ್ಗಿಸ್ದ, ಯಾರೂ ಬೈಲಿಲ್ಲ. ಇಲ್ಲಿ ಡಾಕ್ಟರಮ್ಮ ಯಂತ್ರಗಿಂತ್ರ ನೋಡಲಿಲ್ಲ. ಸೀದಾ ಒಳಗೆ ಕರ್ಕೊಂಡ್ರು. ಬರೋದು ತಡ ಆಯ್ತು, ಕೂಸು ಸೋತೈತೆ ಅಂತ ಅಷ್ಟೇ ಅಂದ್ರು. ಅದೇ ಈಗ ನನ್ನ ತಿಂತಾ ಇರೋದು.

ಈಗ ತಾನೆ ಪಾತಣ್ಣ ಫೋನ್ ಮಾಡಿದ್ದ. ಹಿಂದೆ ಪಟಾಕಿ ಸದ್ದು. ನಾಳೆ ಜುಲೈ ಒಂದು ಅಂತ ಕಂಪನಿ ಸಾರಿದೆಯಂತೆ. ನಾಳೆ ಬೆಳಗ್ಗೆ ಯಾರ ಕೈಯಲ್ಲಿ ಕೋಲಿರ್ತದೋ ಅವರಿಗೆ ಜೂನ್ ಸಂಬಳ. ಎಷ್ಟು ಅಂದೆ. "ಒಂದು ತಿಂಗಳದ್ದು ಕಣಣ್ಣ, ಜೂನ್ ಒಂದೇ ತಿಂಗಳಲ್ವಾ?" ಅಂದ. ಮೂರೂವರೆ ತಿಂಗಳ ದುಡಿಮೆ, ಒಂದು ತಿಂಗಳ ಕೂಲಿ, ಅದಕ್ಕೆ ಪಟಾಕಿ. ನಿನ್ನ ಕೋಲು ಮೇಜಿನ ಮೇಲೇ ಐತೆ, ರಾತ್ರಿ ಗಾಡಿ ಹತ್ತಿ ಬಾ, ನಾನು ಸಾರ್ ಹತ್ರ ಹೇಳ್ತೀನಿ ಅಂದ. ಪಾಪ, ಒಳ್ಳೇ ಮನಸ್ಸಿಂದಲೇ ಅಂದ. ಇಲ್ಲಿ ಆಸ್ಪತ್ರೆಗೆ ಕಟ್ಟೋಕೆ ನನ್ನ ಹತ್ರ ಏನೂ ಇಲ್ಲ ಅಂತ ಅವನಿಗೂ ಗೊತ್ತು. ತಿಪ್ಪಕ್ಕನ ಕಿವಿ ಓಲೆ ಅಡ ಇಡಬೇಕು. ನಾನು ಬರಲ್ಲ ಅಂದೆ. ತಿಂಗಳು ಬಂತಲ್ಲ, ಇನ್ನೇನು ಸಿಟ್ಟು ಅಂದ. ಫೋನ್ ಇಟ್ಟು, ಮೆಟ್ಟಿಲ ಪಕ್ಕ ಉಗುಳಿದೆ.

ಅದಕ್ಕೆ, ಹಳಬರೇ, ಒಂದು ಮಾತು ಕೇಳಿ. ನಿಮ್ಮ ಧಣಿ ಸಂಬಳ ಇವತ್ತಿಲ್ಲ, ಮುಂದಿನ ವಾರ ಅಂದ ದಿನಾನೇ ಎದ್ದು ಬನ್ನಿ. ಎರಡನೇ ಸಲ ಕೇಳಿಸ್ಕೋಬೇಡಿ, ಎರಡನೇ ಸಲಕ್ಕೆ ಕಿವಿ ಒಗ್ಗಿಹೋಗ್ತದೆ. ಅವನು ಕಷ್ಟ ಹೇಳ್ಕೊಂಡ್ರೆ ಪಾಪ ಅನ್ನಿ, ಅಂದು ಬನ್ನಿ. ಸಿಹಿ ಮಾತ್ರ ತಗೊಂಡು ಹೋಗಬೇಡಿ. ನಿಮ್ಮಲ್ಲಿ ಯಾರೋ ಮೊದಲನೇ ಸಲ ಸುಮ್ಮನೆ ಕೂತಿರಬೇಕು, ಅಲ್ಲಿಂದ ಬೆಳೆದು ಬೆಳೆದು ನಮ್ಮ ಕಾಲಕ್ಕೆ ತಾರೀಕನ್ನೇ ನುಂಗಿದ್ರು. ಬೈತಾ ಇಲ್ಲ ನಿಮ್ಮನ್ನ. ಬೈದಂಗೆ ಕೇಳಿಸಿದ್ರೆ...

ಹ್ಞಾ? ತಿಪ್ಪಕ್ಕ ಬಾಗಿಲಿಗೆ ಬಂದವ್ಳೆ. ಮುಖ ಕಾಣ್ತಿಲ್ಲ, ಬೆಳಕಿಗೆ ಬೆನ್ನು ಮಾಡಿ ನಿಂತವ್ಳೆ. ಏನಂತೆ?... ಏನು?... ಅತ್ತಿತಾ?

ಅತ್ತಿತಂತೆ. ಒಂಬತ್ತೂ ತುಂಬಿದ ಕೂಸಂತೆ, ತಲೆ ತುಂಬಾ ಕೂದಲಂತೆ. ಬಂದೆ ಕಣೇ, ಬಂದೆ. ಇಡ್ತೀನಿ.