ಸುಮ್ನಿರು ಎಂಬುದು ನಾಯಿಯ ಹೆಸರು, ಸ್ವಾಮಿ

ಸಂಶೋಧನಾ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮನ್ನು ನಾನು ಬೈದಿಲ್ಲ. ನಿಮ್ಮ ಪ್ರಯೋಗದ ನಾಯಿಯೊಂದನ್ನು ಮನೆಗೆ ಕೊಡಿ ಎಂದು ಕೇಳಿದ ಅರ್ಜಿಯಲ್ಲಿ ‘ಹೆಸರು’ ಎಂಬ ಕಡೆ ‘ಸುಮ್ನಿರು’ ಎಂದು ಬರೆದದ್ದು ನಿಜ. ಅದು ನಾಯಿಯ ಹೆಸರು. ನಿಮಗೇ ಹೇಳಿದ್ದೆಂದು ತಿಳಿದು, ‘ಅಗೌರವದ ಭಾಷೆ’ ಎಂದು ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಬರುವ ಶುಕ್ರವಾರ ಅದಕ್ಕೆ ಕೊನೆಯ ಇಂಜೆಕ್ಷನ್. ಅಧ್ಯಕ್ಷರ ಮುನಿಸಿಗೆ ಒಂದು ಜೀವ ಹೋಗುವುದು ಯಾವ ನೈತಿಕತೆ? ಸಮಿತಿಯ ಬೋರ್ಡಿನಲ್ಲೇ ಆ ಪದ ಇರುವುದರಿಂದ ಕೇಳುತ್ತಿದ್ದೇನೆ.

ನಾನು ನಿಮ್ಮ ಪ್ರಾಣಿಶಾಲೆಯಲ್ಲಿ ಹತ್ತೊಂಬತ್ತು ವರ್ಷ ಗೂಡು ತೊಳೆದವಳು. ಪ್ರಯೋಗವೇ ಬೇಡ ಎನ್ನುವಷ್ಟು ದೊಡ್ಡವಳಲ್ಲ. ನಾನು ನುಂಗುವ ಬಿಪಿ ಮಾತ್ರೆಯನ್ನೂ ಮೊದಲು ಯಾವುದೋ ನಾಯಿ ನುಂಗಿರಬೇಕು. ನಾಲ್ಕು ನೂರ ಹನ್ನೆರಡನೇ ನಂಬರಿನ ಈ ಹೆಣ್ಣುನಾಯಿ ಮರಿಯಾಗಿ ಬಂದಾಗ ಒಂದೇ ಸಮ ಕುಂಯ್‌ಗುಡುತ್ತಿತ್ತು. ಬಾಗಿಲು ತೆಗೆದಾಗಲೆಲ್ಲ ‘ಸುಮ್ನಿರು, ಸುಮ್ನಿರು’ ಎನ್ನುತ್ತಿದ್ದೆ. ಪಾಪ, ಅದೇ ತನ್ನ ಹೆಸರೆಂದುಕೊಂಡಿತು. ಆಮೇಲೆ ಯಾರು ಯಾರನ್ನು ಗದರಿದರೂ ಬಾಲ ಅಲ್ಲಾಡಿಸುತ್ತಾ ಮುಂದೆ ಬರುವುದು. ಆರು ವರ್ಷ ಸೂಜಿಗೆ ತಾನಾಗಿ ಕಾಲು ಚಾಚಿತು. ಈಗ ಪ್ರಯೋಗ ಮುಗಿದಿದೆ. ಮುಗಿದ ಮೇಲೆ ಯಾರೂ ಮನೆಗೆ ಒಯ್ಯದ ನಾಯಿಗೆ ಕೊನೆಯ ಇಂಜೆಕ್ಷನ್ ಎಂಬುದು ನಿಮ್ಮ ನಿಯಮ. ಆರೋಗ್ಯವಾಗಿದೆ, ಮನೆಗೆ ಕೊಡಬಹುದು ಎಂದು ನಿಮ್ಮ ಪಶುವೈದ್ಯರೇ ಬರೆದುಕೊಟ್ಟಿದ್ದಾರೆ.

ಮೊನ್ನೆ ನಿಮ್ಮ ಗುಮಾಸ್ತರನ್ನು ಕಂಡೆ.

“ಇದೇನಮ್ಮಾ ಹೀಗೆ ಬರ್ದಿದ್ದೀರಿ?”

“ಹೆಸರು ಅಂತ ಕೇಳಿತ್ತಲ್ಲ ಸಾರ್.”

“ಅಯ್ಯೋ, ಅದು ನಿಮ್ಮ ಹೆಸರು ಕಣಮ್ಮಾ! ನಾಯಿಗೆ ಕೆಳಗಡೆ ನಂಬರ್ ಕೇಳಿದೆ.”

ನಗು ಬಂತು, ಆಮೇಲೆ ಅಳು ಬಂತು. ನನ್ನ ಹೆಸರನ್ನು ಯಾರಾದರೂ ಕೇಳಿಯಾರು ಎಂದು ನನಗೆ ಹೊಳೆಯಲೇ ಇಲ್ಲ. ನಿಮ್ಮಲ್ಲಿ ನಾನು ‘ಗೂಡಿನಮ್ಮ’. ಹೆಸರು ಹಿಡಿದು ಕರೆಯುತ್ತಿದ್ದ ಗಂಡ ಹೋಗಿ ಎಂಟು ವರ್ಷವಾಯಿತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಕ್ಕರಿಗೂ ‘ಸುಮ್ನಿರು’ ಎನ್ನುತ್ತೇನೆ. ಯಾರೂ ಬರುವುದಿಲ್ಲ. ಒಂಟಿತನಕ್ಕೆ ನಿಮ್ಮ ಅರ್ಜಿಯಲ್ಲಿ ಜಾಗವಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಹೊಸ ಅರ್ಜಿ ಲಗತ್ತಿಸಿದ್ದೇನೆ. ನಂಬರಿನ ಜಾಗದಲ್ಲಿ ನಂಬರಿದೆ, ನನ್ನ ಹೆಸರೂ ಇದೆ. ಶುಕ್ರವಾರದೊಳಗೆ ಸಹಿ ಮಾಡಿ. ಸಮಯವಿಲ್ಲ ಎನ್ನುವುದಾದರೆ ಅಂದು ನೀವೇ ಬಂದು ಎದುರಿಗೆ ನಿಲ್ಲಿ. ಸೂಜಿ ಹಿಡಿದವರು ರೂಢಿಯಂತೆ ‘ಸುಮ್ನಿರು’ ಎನ್ನುತ್ತಾರೆ. ಅದು, ತನ್ನನ್ನೇ ಕರೆದರೆಂದು, ಬಾಲ ಅಲ್ಲಾಡಿಸುತ್ತಾ ಬರುತ್ತದೆ.

ಇಂತಿ,
ಇಷ್ಟು ವರ್ಷ ಸುಮ್ಮನಿದ್ದ
ಗೂಡಿನಮ್ಮ