ಅಕ್ಕ ಕೊಟ್ಟದ್ದು

ಆಸ್ಪತ್ರೆ, ಎರಡನೇ ಮಹಡಿ
ನವೆಂಬರ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ‘ನಾನಿಲ್ಲಿ ಕ್ಷೇಮ’ ಎಂದು ಶುರುಮಾಡೋಣವೆಂದರೆ, ಆಸ್ಪತ್ರೆಯ ಮಂಚದ ಮೇಲೆ ಕೂತು ಹಾಗೆ ಬರೆಯಲು ಪೆನ್ನಿಗೇ ನಾಚಿಕೆ. ಕಾಗದ ತಡವಾಯಿತು. ಇವತ್ತು ಫೋನ್ ಎತ್ತುತ್ತೀಯ, ನಾಳೆ ಎತ್ತುತ್ತೀಯ ಎಂದು ಕಾದೆ. ನೀನು ಎತ್ತಲಿಲ್ಲ. ನನ್ನವಳು, ಅದೇ ನಿನ್ನ ನಾದಿನಿ, “ಈ ಕಾಲದಲ್ಲಿ ಕಾಗದ ಯಾರು ಬರೀತಾರ್ರೀ?” ಎಂದು ನಕ್ಕಳು. “ಫೋನಾದ್ರೆ ಕಟ್ ಮಾಡ್ತಾಳೆ. ಕಾಗದಾನ ಹರಿದು ಬಿಸಾಕಿದ್ರೂ ಆಮೇಲೆ ಚೂರು ಜೋಡಿಸಿ ಓದೇ ಓದ್ತಾಳೆ. ನಮ್ಮಕ್ಕ ನಂಗೆ ಗೊತ್ತಿಲ್ವಾ?” ಅಂದೆ.

ಇಲ್ಲಿಯ ಸಮಾಚಾರವೆಂದರೆ ಉಪ್ಪಿಲ್ಲದ ಊಟ, ಸಿಸ್ಟರುಗಳ ಓಟ, ಪಕ್ಕದ ಹಾಸಿಗೆಯವರ ಪಾಠ. ಪ್ರತಿ ತಿಂಗಳೂ ನನ್ನ ಪರೀಕ್ಷೆಯ ದಿನ ಪರದೆ ಅಂಗಡಿಗೆ ಬೀಗ ಹಾಕಿ, ಅಳತೆಪಟ್ಟಿಯನ್ನು ಕೊರಳಲ್ಲೇ ಮರೆತು ಓಡಿಬರುತ್ತಿದ್ದವಳು ನೀನು. ಈ ಸಲ ಮಂಚದ ಪಕ್ಕದ ಸ್ಟೂಲಿನ ಮೇಲೆ ನನ್ನ ಟವೆಲ್ ಕೂತಿದೆ.

ಹೋದ ವರ್ಷ ನೀನು ಕೊಟ್ಟ ಕಿಡ್ನಿ ಇಷ್ಟು ದಿನ ಗಡಿಯಾರದ ಹಾಗೆ ನಡೆಯಿತು. ಈ ತಿಂಗಳ ರಕ್ತಪರೀಕ್ಷೆಯಲ್ಲಿ ಎಡವಿತು. “ರಿಜೆಕ್ಷನ್ ಶುರುವಾಗಿದೆ, ಇಂಜೆಕ್ಷನ್ ಕೊಟ್ಟು ನೋಡೋಣ” ಎಂದರು ಡಾಕ್ಟರಮ್ಮ. ಪ್ರಾಸ ಚೆನ್ನಾಗಿದೆಯಲ್ಲ ಎಂದೇ ನನ್ನ ಹಾಳು ತಲೆಗೆ ಮೊದಲು ಹೊಳೆದದ್ದು. ಹೆದರಿಕೆ ಆಮೇಲೆ ಬಂತು. ಹೊರಗೆ ಬಂದವನೇ ಫೋನಿನಲ್ಲಿ ಆ ‘ರಿಜೆಕ್ಷನ್’ ಪದವನ್ನು ಹಾಗೆಯೇ ನಿನಗೆ ಒಪ್ಪಿಸಿಬಿಟ್ಟೆ. ನೀನು, “ಚಿಕ್ಕವನಿದ್ದಾಗ್ಲೂ ಅಷ್ಟೇ ಕಣೋ, ನಾನು ಕೊಟ್ಟಿದ್ದು ನಿಂಗೆ ಒಗ್ತಾನೇ ಇರ್ಲಿಲ್ಲ. ನನ್ನ ಸ್ವೆಟರ್ ಹಾಕಿದ್ರೆ ಕಡಿಯುತ್ತೆ ಅಂತಿದ್ದೆ. ನಂದೇ ಸರಿ ಇರ್ಲಿಲ್ವೇನೋ, ಕ್ಷಮಿಸು” ಎಂದು ಫೋನ್ ಇಟ್ಟೆ. ಕೊಟ್ಟವಳು ಕ್ಷಮೆ ಕೇಳಿದ್ದನ್ನು ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ.

ನೀನು ಮುನಿದಿದ್ದರೆ ಚಿಂತೆಯಿಲ್ಲ, ನಿನ್ನ ಮುನಿಸಿಗೆ ಆಯುಸ್ಸು ಕಡಿಮೆ. ಕೊರಗುತ್ತಿದ್ದೀಯ ಎಂದು ನನ್ನ ಅನುಮಾನ. ಅದಕ್ಕೇ ಈ ವಾರವೆಲ್ಲ ಆ ಪದದ ಬೆನ್ನು ಹತ್ತಿದ್ದೇನೆ.

ಅದೇನೂ ನನಗೆ ಹೊಸದಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ನಾನು ಸಂಬಳ ತೆಗೆದುಕೊಳ್ಳುವುದೇ ಆ ಪದ ಹೇಳುವುದಕ್ಕೆ. ಕಪ್ಪನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಬೇಕು. ಹಿಡಿ ಸೊಟ್ಟಗಿದ್ದರೆ, ಮೆರುಗಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ‘ರಿಜೆಕ್ಟ್’ ಎಂದು ಪಕ್ಕದ ಬುಟ್ಟಿಗೆ ಹಾಕಬೇಕು. ನಿನ್ನ ಅಡುಗೆಮನೆಯ ಕಪ್ಪುಗಳೆಲ್ಲ ಆ ಬುಟ್ಟಿಯವೇ. “ನಿನ್ನ ತಮ್ಮ ಬೇಡ ಅಂದಿದ್ದೆಲ್ಲಾ ನಮ್ಮನೆ ಪಾಲು” ಎಂದು ಭಾವ ರೇಗಿಸುತ್ತಲೇ ಅದರಲ್ಲಿ ಚಹಾ ಕುಡಿಯುತ್ತಾರೆ. ಫೋನಿನಲ್ಲಿ ನಿನಗೆ ಕೇಳಿಸಿದ್ದು ಈ ಅರ್ಥ. ತಪ್ಪು ನಿನ್ನ ಕಿವಿಯದಲ್ಲ, ನನ್ನ ಕಪ್ಪಿನದು.

ಮೊನ್ನೆ ವಾರ್ಡಿನ ಮೂಲೆಯ ನೀರಿನ ಫಿಲ್ಟರ್ ರಿಪೇರಿಗೆ ಬಂದವನು, “ಅಣ್ಣಾ, ಕಾಲು ತೆಗೀರಿ, ರಿಜೆಕ್ಟ್ ಪೈಪು ತುಳೀತಿದ್ದೀರಿ” ಅಂದ. ಕುಡಿಯಲು ಬಾರದ ನೀರು ಹೊರಬೀಳುವ ಕೊಳವೆಯಂತೆ ಅದು. ಆ ನೀರನ್ನೇ ಬಕೆಟ್ಟಿಗೆ ಹಿಡಿದು ಆಯಾ ನೆಲ ಒರೆಸಿದಳು.

ನಮ್ಮ ಮಾತು ಕೇಳಿ ಪಕ್ಕದ ಮಂಚದ ರೇಡಿಯೋ ತಾತ ಎದ್ದು ಕೂತರು. ಆಯುಷ್ಯವೆಲ್ಲ ರೇಡಿಯೋ ರಿಪೇರಿ ಮಾಡಿದವರು. ನನ್ನನ್ನು ಕರೆಯುವುದೇ ಕಪ್ಪು-ಬಸಿ ಎಂದು. “ಏ ಕಪ್ಪು-ಬಸಿ, ನಮ್ಮಲ್ಲಿ ರಿಜೆಕ್ಷನ್ ಜಾಸ್ತಿ ಇದ್ದಷ್ಟೂ ಸೆಟ್ಟು ಒಳ್ಳೇದು ಕಣಯ್ಯಾ.”

“ಅದು ಹೇಗೆ ತಾತಾ?”

“ಪಕ್ಕದ ಸ್ಟೇಷನ್ನಿನ ಗಲಾಟೆ ತಡೆದು, ನಿಂಗೆ ಬೇಕಾದ ಸ್ಟೇಷನ್ ಒಂದನ್ನೇ ಕೇಳಿಸೋದಿದ್ಯಲ್ಲಾ, ಅದೇ ಅದು. ನನ್ನ ಹೆಂಡ್ತಿ ಕಿವೀಲಿ ಆ ಗುಣ ಬಹಳ ಇತ್ತು. ನಾನು ಹೇಳಿದ್ದೊಂದು ಬಿಟ್ಟು ಬೇರೆಲ್ಲಾ ಕೇಳಿಸ್ತಿತ್ತು.” ಸಿಸ್ಟರ್ ಬಂದು ಇಬ್ಬರನ್ನೂ ಗದರಿಸಿ ಮಲಗಿಸಿದರು.

ಮಗಳಿಗೆ ಫೋನ್ ಮಾಡಿದಾಗ ಅವಳದು ಇನ್ನೊಂದು ರಾಗ. “ಅಪ್ಪಾ, ಸಂಖ್ಯಾಶಾಸ್ತ್ರದಲ್ಲಿ ಲೆಕ್ಕ ಹಾಕಿ ಒಂದು ಊಹೇನ ರಿಜೆಕ್ಟ್ ಮಾಡಿದ್ರೆ ನಮ್ಮ ಮೇಷ್ಟ್ರು ಬೆನ್ನು ತಟ್ತಾರೆ. ಅತ್ತೆ ತಮ್ಮ ಬಗ್ಗೆ ತಾವೇ ಏನೇನೋ ಊಹೆ ಮಾಡ್ಕೊಂಡು ಕೂತಿದ್ದಾರಲ್ಲ, ಮೊದಲು ಅದನ್ನ ರಿಜೆಕ್ಟ್ ಮಾಡೋಕೆ ಹೇಳು” ಅಂದಳು. ನಾಲಿಗೆ ಥೇಟ್ ನಿನ್ನದೇ.

ಕೊನೆಗೆ ಡಾಕ್ಟರಮ್ಮನನ್ನೇ ಹಿಡಿದು ನಿಲ್ಲಿಸಿದೆ. “ನಮ್ಮಕ್ಕನ ಕಿಡ್ನೀಲಿ ಏನಾದ್ರೂ ದೋಷ ಇತ್ತಾ?”

“ಯಾರ್ರೀ ಹೇಳಿದ್ದು? ಬಂಗಾರದಂಥ ಕಿಡ್ನಿ. ನಿಮ್ಮ ಮೈಯೊಳಗೆ ಕಾವಲುಗಾರರಿದ್ದಾರಲ್ಲ, ಅವರಿಗೆ ಅಕ್ಕ ತಂಗಿ ಅಂತ ಗೊತ್ತಾಗಲ್ಲ. ಹೊರಗಿನವರು ಬಂದಿದ್ದಾರೆ ಅಂತ ಮಾತ್ರ ಗೊತ್ತಾಗುತ್ತೆ. ಮಾತ್ರೆ ಕೊಟ್ಟು ಮಂಪರಿನಲ್ಲಿ ಇಟ್ಟಿದ್ವಿ, ಎದ್ದುಬಿಟ್ಟಿದ್ದಾರೆ.”

ನಿಯತ್ತಿನ ನಾಯಿ ಮನೆಮಗಳ ಮೇಲೇ ಎಗರಿದ ಹಾಗೆ, ಅಷ್ಟೇ. ನಾಯಿಗೆ ಬುದ್ಧಿಯಿಲ್ಲ ಅನ್ನಬಹುದು. ಮಗಳಲ್ಲಿ ಐಬು ಹುಡುಕುವುದು ಯಾವ ನ್ಯಾಯ? ಇದನ್ನು ನಿನಗೆ ಆ ದಿನವೇ ಹೇಳಬೇಕಿತ್ತು. ನನಗೇ ತಿಳಿದಿರಲಿಲ್ಲ.

ಅಕ್ಕಾ, ಈ ಒಂದು ವರ್ಷ ಬೆಳಗ್ಗೆ ಎದ್ದು ಹೊಟ್ಟೆಯ ಬಲಕ್ಕೆ ಕೈ ಇಟ್ಟು ನೋಡಿಕೊಳ್ಳುವುದು ಅಭ್ಯಾಸವಾಗಿದೆ. ಅಲ್ಲಿ ಏನೂ ಕೇಳಿಸುವುದಿಲ್ಲ, ಆದರೂ ಕೈ ಇಡುತ್ತೇನೆ. ನನ್ನ ರಕ್ತ ಏನಾದರೂ ಅನ್ನಲಿ, ನಾನು ಬೇಡ ಅಂದಿಲ್ಲ. ಸ್ವೆಟರ್ ಮಾತ್ರ ನಿಜವಾಗಿಯೂ ಕಡಿಯುತ್ತಿತ್ತು, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನನಗೆ ನಿನ್ನ ಆಶೀರ್ವಾದ ಬೇಕು, ಬೈಗುಳದ ವೇಷದಲ್ಲಿ ಬಂದರೂ ಸರಿ.

ಇತಿ,
ನಿನ್ನ ಹಟಮಾರಿ ತಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರಮ್ಮ ರಿಪೋರ್ಟ್ ಹಿಡಿದು ಬಂದರು. ರಿಜೆಕ್ಷನ್ನು ಇಂಜೆಕ್ಷನ್ನಿಗೆ ಬಗ್ಗಿಲ್ಲವಂತೆ. ಕಿಡ್ನಿ ಇನ್ನು ಕೆಲವು ತಿಂಗಳು ನಡೆದೀತು, ಆಮೇಲೆ ನಾನು ಮತ್ತೆ ರಕ್ತ ತೊಳೆಯುವ ಯಂತ್ರದ ಪಾಲು. “ಹಾಗಾದ್ರೆ ಇದನ್ನ ತೆಗೆದುಹಾಕ್ತೀರಾ?” ಎಂದೆ. “ತೊಂದರೆ ಕೊಡದಿದ್ರೆ ತೆಗೆಯಲ್ಲ. ಕೆಲಸ ನಿಲ್ಲಿಸಿದ್ರೂ ಅದು ಅಲ್ಲೇ ಇರುತ್ತೆ” ಎಂದರು. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ನಿನ್ನ ನಾದಿನಿಗೆ ಇನ್ನೂ ಹೇಳಿಲ್ಲ. ಅವಳೆದುರು ಧೈರ್ಯಸ್ಥನ ಹಾಗೆ ಇರುವುದು ಹೇಗೋ ನಡೆಯುತ್ತದೆ, ನಿನ್ನೆದುರು ನಡೆಯುವುದಿಲ್ಲ. ನನಗೆ ಹೆದರಿಕೆಯಾಗಿದೆ ಅಕ್ಕಾ. ಕೊಡುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ನೀನು ಬರದೆ ಇರಬೇಡ. ಬಂದು ಸುಮ್ಮನೆ ಪಕ್ಕದಲ್ಲಿ ಕೂತುಕೋ.